ಮೂರನೇ ಪ್ರೆಸ್ಸಿನ ಮೇಲಿನ ನಿಂಬೆಹಣ್ಣು

ಕಳೆದ ತಿಂಗಳು ಹೊಸ ಸ್ಕೂಟರ್ ಮನೆಗೆ ಬಂದಾಗ ಅಮ್ಮ ಅದರ ಎರಡೂ ಚಕ್ರದಡಿ ಒಂದೊಂದು ನಿಂಬೆಹಣ್ಣು ಇಟ್ಟು, “ಹೂಂ, ಹತ್ಸು ಈಗ” ಅಂದಳು. ನಾನು ಕಾಲೇಜಿನಲ್ಲಿ ಸಮಾಜಶಾಸ್ತ್ರ ಪಾಠ ಮಾಡುವವಳು. ಅವತ್ತು ಬೆಳಿಗ್ಗೆಯಷ್ಟೇ ಎರಡನೇ ವರ್ಷದ ಮಕ್ಕಳಿಗೆ ಐಡಿಯಾಲಜಿ ಎಂದರೇನು ಅಂತ ಬೋರ್ಡಿನ ತುಂಬ ಬರೆದು ಬಂದಿದ್ದೆ. ಶಿವಮೊಗ್ಗದ ರವೀಂದ್ರನಗರದ ನಮ್ಮ ಬೀದಿಯ ಎದುರುಮನೆಯವರು ಗೇಟಿಗೆ ಕೈಯೂರಿ ನೋಡುತ್ತಿದ್ದರು. ಹತ್ತಿಸಿದೆ. ಪಚಕ್ಕನೆ ಹಣ್ಣು ಒಡೆದು ರಸ ಚಿಮ್ಮಿತು. ಗ್ರೀಸು, ಹೊಸ ರಬ್ಬರು, ನಿಂಬೆರಸ ಎಲ್ಲ ಸೇರಿದ ವಾಸನೆ ಮೂಗಿಗೆ ಬಡಿದದ್ದೇ ತಡ, ನಾನು ಮಾಚೇನಹಳ್ಳಿಯ ಆ ತಗಡಿನ ಶೆಡ್ಡಿನೊಳಗೆ ಹೋಗಿ ನಿಂತುಬಿಟ್ಟಿದ್ದೆ.

ಅದು ನನ್ನ ಎಂ.ಎ. ಎರಡನೇ ವರ್ಷ. ಆಗ ನಮ್ಮ ಮನೆ ಭದ್ರಾವತಿಯಲ್ಲಿ, ನನ್ನ ಓದು ಶಂಕರಘಟ್ಟದಲ್ಲಿ, ಅಮ್ಮನ ಕೆಲಸ ಮಾಚೇನಹಳ್ಳಿಯಲ್ಲಿ. ಬೆಳಿಗ್ಗೆ ಬಸ್‌ಸ್ಟ್ಯಾಂಡಿನ ತನಕ ಇಬ್ಬರೂ ಒಟ್ಟಿಗೆ ನಡೆದು ಬರುತ್ತಿದ್ದೆವು. ಅವಳು ಶಿವಮೊಗ್ಗದ ಬಸ್ಸು ಹತ್ತಿದರೆ ನಾನು ಯೂನಿವರ್ಸಿಟಿ ಬಸ್ಸು ಹತ್ತುತ್ತಿದ್ದೆ. ಅಪ್ಪ ತೀರಿಕೊಂಡ ಮೇಲೆ ಅಮ್ಮ ಆ ಶೆಡ್ಡಿಗೆ ಸೇರಿ ಒಂಬತ್ತು ವರ್ಷವಾಗಿತ್ತು. ಗಾಡಿಗಳಿಗೆ ಬೇಕಾಗುವ ಸಣ್ಣಪುಟ್ಟ ಬ್ರಾಕೆಟ್ಟುಗಳನ್ನು ತಗಡಿನಿಂದ ಒತ್ತಿ ತೆಗೆಯುವ ಕೆಲಸ. ನಾಲ್ಕು ಪ್ರೆಸ್ಸು, ನಾಲ್ಕು ಜನ ಹೆಂಗಸರು. ಕೈಯಿಂದ ತಗಡಿನ ತುಂಡು ಇಡಬೇಕು, ಕೈ ಹಿಂದೆ ತೆಗೆಯಬೇಕು, ಪೆಡಲ್ ಒತ್ತಬೇಕು. ಮೇಲಿನ ಭಾರ ಧಡ್ ಅಂತ ಇಳಿದು ಏರುತ್ತದೆ. ಮತ್ತೆ ಕೈ ಹಾಕಿ ತಯಾರಾದ ತುಂಡನ್ನು ಎತ್ತಿಕೊಳ್ಳಬೇಕು. ದಿನವಿಡೀ ಇದೇ.

ಆ ವರ್ಷ ನನಗೆ ಕೊಂಬು ಬಂದಿತ್ತು. ಹೇಳಿಕೊಳ್ಳಲು ನಾಚಿಕೆಯೇನಿಲ್ಲ, ಬಂದಿತ್ತು. ವಿಮರ್ಶಾತ್ಮಕ ಸಿದ್ಧಾಂತದ ಪೇಪರ್ ಪಾಠ ಮಾಡುತ್ತಿದ್ದ ಲಲಿತಾ ಮೇಡಂ ಒಂದು ದಿನ ಡಸ್ಟರ್ ಮೇಜಿನ ಮೇಲಿಟ್ಟು, “ಅಧಿಕಾರ ಯಾವಾಗ್ಲೂ ದೊಣ್ಣೆ ಹಿಡ್ಕೊಂಡು ನಿಂತಿರಲ್ಲ. ನಾವು ಸಹಜ ಅಂದ್ಕೊಂಡು ಮಾಡ್ತೀವಲ್ಲ, ಆ ಅಭ್ಯಾಸದೊಳಗೆ ಕೂತಿರುತ್ತೆ. ಅದನ್ನ ಎಬ್ಬಿಸಿ ತೋರಿಸೋದೇ ನಮ್ಮ ಕೆಲಸ” ಅಂದಿದ್ದರು. ಅವತ್ತಿನಿಂದ ನನಗೆ ಎಲ್ಲೆಲ್ಲೂ ಅದೇ ಕಾಣತೊಡಗಿತು. ಬಸ್ಸಿನಲ್ಲಿ ಹೆಂಗಸರ ಸೀಟು, ಮದುವೆ ಊಟದ ಪಂಕ್ತಿ, ಟಿ.ವಿ. ಧಾರಾವಾಹಿಯ ಅತ್ತೆ, ಒಂದನ್ನೂ ಬಿಡಲಿಲ್ಲ. ಅಮ್ಮ ಸಂಜೆ ದೀಪ ಹಚ್ಚಿದರೆ ಅದಕ್ಕೂ ನನ್ನ ಹತ್ತಿರ ಒಂದು ವಿವರಣೆ ಇರುತ್ತಿತ್ತು. “ದೀಪ ಹಚ್ಚಿದ್ದು ಕತ್ಲಾಯ್ತು ಅಂತ ಮಾರಾಯ್ತಿ” ಅನ್ನುತ್ತಿದ್ದಳು ಅಮ್ಮ.

ಕಿರುಪ್ರಬಂಧಕ್ಕೆ ವಿಷಯ ಹುಡುಕಲು ದೂರ ಹೋಗಬೇಕಾಗಿರಲಿಲ್ಲ. ಅಮ್ಮನ ಶೆಡ್ಡೇ ಇತ್ತಲ್ಲ. ಓನರ್ ರಾಜಶೇಖರ ಸಾರ್ ತಾವೇ ಬಹಳ ವರ್ಷ ಬೇರೆಯವರ ಪ್ರೆಸ್ಸಿನ ಮುಂದೆ ಕೂತು ದುಡಿದು, ಆಮೇಲೆ ಸ್ವಂತ ಶೆಡ್ ಹಾಕಿದವರು. ಹಣೆಯಲ್ಲಿ ಯಾವತ್ತೂ ಕುಂಕುಮ, ಬಾಯಲ್ಲಿ ದೇವರ ಹೆಸರು. ಕೇಳಿದ ಕೂಡಲೇ, “ಜಯಮ್ಮನ ಮಗಳಲ್ವಾ, ಬಾಮ್ಮ. ಮಧ್ಯಾಹ್ನ ಊಟದ ಹೊತ್ತಲ್ಲಿ ಏನ್ ಬೇಕಾದ್ರೂ ಕೇಳ್ಕೋ” ಅಂದರು. ನಾನು ಪ್ರಶ್ನಾವಳಿ ಹಿಡಿದು ಹೊರಟೆ.

ಅಯ್ಯೋ, ಆ ಪ್ರಶ್ನಾವಳಿ! ಈಗ ನೆನೆಸಿಕೊಂಡರೆ ತಲೆ ಚಚ್ಚಿಕೊಳ್ಳುವ ಹಾಗಾಗುತ್ತದೆ. ‘ನಿಮ್ಮ ಶ್ರಮದಿಂದ ನೀವು ಪರಕೀಯರಾಗಿದ್ದೀರಿ ಎಂದು ಅನ್ನಿಸುತ್ತದೆಯೇ?’ ಇದು ಏಳನೇ ಪ್ರಶ್ನೆ. ಕೇಳಿದ್ದು ಸೆಲ್ವಿ ಅಕ್ಕನಿಗೆ. ಸೆಲ್ವಿ ಅಕ್ಕ ಅಮ್ಮನ ಪಕ್ಕದ ಪ್ರೆಸ್ಸಿನವಳು, ಮನೆಮಾತು ತಮಿಳು, ಹುಟ್ಟಿ ಬೆಳೆದದ್ದೆಲ್ಲ ಭದ್ರಾವತಿ. ನನ್ನನ್ನು ಪ್ರೀತಿಯಿಂದ ತಮಿಳಿನವರ ಹಾಗೆ ‘ಕಣ್ಣು’ ಅನ್ನುತ್ತಿದ್ದಳು. ಅವಳ ಎಡಗೈಯ ತೋರುಬೆರಳಿಗೆ ಮೇಲಿನ ಗೆಣ್ಣು ಇರಲಿಲ್ಲ. ಹಿಂದೆ ಇನ್ನೊಂದು ಕಡೆ ಕೆಲಸದಲ್ಲಿದ್ದಾಗ ಪ್ರೆಸ್ಸಿಗೆ ಹೋದದ್ದು. ಅದೇ ಮೋಟು ಬೆರಳಿನಿಂದ ನನ್ನ ಹಾಳೆ ಮುಟ್ಟಿ, “ಇದು ಏನ್ ಕೇಳ್ತೈತೆ ಕಣ್ಣು?” ಅಂದಳು. ನಾನು ಐದು ನಿಮಿಷ ವಿವರಿಸಿದೆ. ಅವಳು ಗಂಭೀರವಾಗಿ ತಲೆಯಾಡಿಸಿ, “ಸರಿ. ಹೌದು ಅಂತ ಬರ್ಕೋ. ನಿಂಗೆ ಮಾರ್ಕ್ಸ್ ಬರುತ್ತಲ್ಲ? ಈಗ ಚಿತ್ರಾನ್ನ ತಿನ್ನು” ಅಂದಳು.

ದೀಪಾವಳಿ ಕಳೆದು ಚಳಿ ಶುರುವಾಗಿತ್ತು. ಒಂದು ಮಧ್ಯಾಹ್ನ ಹೋದಾಗ ಮೂರನೇ ಪ್ರೆಸ್ಸು ನಿಂತಿತ್ತು. ಅದರ ಅಚ್ಚಿನ ಮೇಲೆ ಅರ್ಧ ಕೊಯ್ದು ಕುಂಕುಮ ತುಂಬಿದ ನಿಂಬೆಹಣ್ಣು. ಪಕ್ಕದಲ್ಲಿ ಊದುಬತ್ತಿಯ ಬೂದಿ. ಯಾರೂ ಅದರ ಹತ್ತಿರ ಸುಳಿಯುತ್ತಿರಲಿಲ್ಲ. ಏನಾಯ್ತು ಅಂದರೆ ಗಂಗಮ್ಮ ಅನ್ನುವವಳು ದನಿ ತಗ್ಗಿಸಿ, “ದೃಷ್ಟಿ ಆಗೈತೆ. ಒಂದ್ಸಲ ಒತ್ತಿದ್ರೆ ಎರಡ್ಸಲ ಹೊಡೀತೈತೆ” ಅಂದಳು. ಪೆಡಲ್ ಬಿಟ್ಟ ಮೇಲೂ ಭಾರ ಇನ್ನೊಮ್ಮೆ ತಾನಾಗಿಯೇ ಇಳಿಯುವುದು. ತುಂಡು ಎತ್ತಿಕೊಳ್ಳಲು ಕೈ ಹಾಕಿದ ಗಳಿಗೆಯಲ್ಲೇ ಇಳಿದರೆ ಗತಿಯೇನು ಅಂತ ಬಿಡಿಸಿ ಹೇಳಬೇಕಾಗಿಲ್ಲ. ಶೆಡ್ಡಿನಲ್ಲಿ ಒಂದು ಕಟ್ಟಳೆಯಿತ್ತು. ನಿಂಬೆಹಣ್ಣು ಇಟ್ಟ ಮೆಷಿನನ್ನು ಯಾರೂ ಮುಟ್ಟುವ ಹಾಗಿಲ್ಲ. ಇಟ್ಟವರೇ ತೆಗೆಯಬೇಕು. ಓನರ್ ಕೂಡ ಮುಟ್ಟುವಂತಿಲ್ಲ.

ನನಗೆ ನಿಧಿ ಸಿಕ್ಕ ಹಾಗಾಯಿತು. ಮೊಬೈಲಿನಲ್ಲಿ ಫೋಟೋ ತೆಗೆದುಕೊಂಡೆ. ಆ ವಾರವೇ ಮೂರನೇ ಅಧ್ಯಾಯ ಬರೆದು ಮುಗಿಸಿದೆ. ಮಾಲೀಕನ ನಿರ್ಲಕ್ಷ್ಯವನ್ನು ದೈವದ ಮೇಲೆ ಹಾಕಿ ಕಾರ್ಮಿಕರೇ ಅವನನ್ನು ಪಾರುಮಾಡುತ್ತಾರೆ, ಹುಸಿ ಪ್ರಜ್ಞೆಗೆ ಇದಕ್ಕಿಂತ ಒಳ್ಳೆಯ ಉದಾಹರಣೆಯಿಲ್ಲ ಅಂತೆಲ್ಲ ಬರೆದೆ. ಬರೆದದ್ದನ್ನು ಒಂದು ಭಾನುವಾರ ಅಮ್ಮನಿಗೇ ಓದಿ ಹೇಳಿದೆ ನೋಡಿ, ಅದು ನನ್ನ ಧೈರ್ಯವೋ ದಡ್ಡತನವೋ. ಅಮ್ಮ ಅವರೆಕಾಯಿ ಸುಲಿಯುತ್ತಿದ್ದಳು. ಪೂರ್ತಿ ಕೇಳಿಸಿಕೊಂಡು ಕಿಸಕ್ಕನೆ ನಕ್ಕಳು. ನಗು ನಿಲ್ಲಲಿಲ್ಲ.

“ಅಲ್ಲ ಕಣೇ, ಮೆಷಿನ್ ಸರಿಯಿಲ್ಲ ಸಾರ್ ಅಂತ ಎಷ್ಟು ಸಲ ಹೇಳಿದ್ವಿ ಗೊತ್ತಾ? ಆರ್ಡರ್ ಮುಗೀಲಿ, ಮುಂದಿನ ವಾರ ನೋಡಣ ಅಂತಾರೆ. ಅದೇ ನಿಂಬೆಹಣ್ಣು ಇಟ್ರೆ? ಸಾಯಂಕಾಲದೊಳಗೆ ಫಿಟ್ಟರೂ ಬರ್ತಾನೆ, ಪುರೋಹಿತ್ರೂ ಬರ್ತಾರೆ. ಮೊದ್ಲು ಶುರು ಮಾಡಿದ್ದು ಸೆಲ್ವೀನೇ. ಈಗ ಬೇರೆ ಶೆಡ್‌ನೋರೂ ಇಡ್ತಾರೆ. ಬೆರಳು ಕಳ್ಕೊಂಡೋಳು ಅವಳಲ್ವಾ?”

“ಹಾಗಾದ್ರೆ ನೀನು ದೃಷ್ಟಿಗಿಷ್ಟಿ ನಂಬಲ್ವಾ?”

“ನಂಬ್ತೀನಿ. ಫಿಟ್ಟರ್‌ನೂ ನಂಬ್ತೀನಿ. ಇಬ್ರೂ ಬಂದು ಹೋಗ್ಲಿ, ಆಮೇಲೆ ಕೈ ಹಾಕ್ತೀನಿ.”

ಎರಡು ವರ್ಷದಿಂದ ನಾನು ಪುಸ್ತಕದಲ್ಲಿ ಹುಡುಕುತ್ತಿದ್ದ ಪ್ರತಿರೋಧ ನಮ್ಮ ಅಡುಗೆಮನೆಯಲ್ಲಿ ಅವರೆಕಾಯಿ ಸುಲಿಯುತ್ತ ಕೂತಿತ್ತು! ಅವತ್ತು ಅಮ್ಮನ ಮೇಲೆ ಉಕ್ಕಿಬಂದ ಪ್ರೀತಿಯನ್ನು ಏನು ಹೇಳಲಿ. ಅಲ್ಲಿಗೇ ನಿಂತಿದ್ದರೆ ಚೆನ್ನಾಗಿತ್ತು. ನಿಲ್ಲಲಿಲ್ಲ. ಹಳೆಯ ಅಧ್ಯಾಯ ಹರಿದು ಹಾಕಿ ಹೊಸದು ಬರೆದೆ. ಮೇಲ್ನೋಟಕ್ಕೆ ಭಕ್ತಿ, ಒಳಗೆ ಮುಷ್ಕರ. ಮಾಲೀಕನ ನಂಬಿಕೆಯನ್ನೇ ಮಾಲೀಕನ ಎದುರು ನಿಲ್ಲಿಸುವ ಜಾಣ್ಮೆ. ಮೇಡಂ ಓದಿ ಕುರ್ಚಿಯಿಂದ ಎದ್ದುಬಿಟ್ಟರು. “ಇದನ್ನ ಡಿಪಾರ್ಟ್‌ಮೆಂಟ್ ಸೆಮಿನಾರ್‌ನಲ್ಲಿ ಓದು” ಅಂದರು. ನಾನು ಹಿಗ್ಗಿ ಹೀರೇಕಾಯಾದೆ.

ಸೆಮಿನಾರ್ ಇಟ್ಟಿದ್ದು ಬೇಸಿಗೆ ಶುರುವಾಗುವ ಹೊತ್ತಿಗೆ. ಕ್ಯಾಂಪಸ್ಸಿನ ಮರಗಳ ಎಲೆ ಉದುರಿ ರಸ್ತೆಯೆಲ್ಲ ಚರಚರ ಅನ್ನುತ್ತಿತ್ತು. ಕ್ಷೇತ್ರಕಾರ್ಯಕ್ಕೆ ಸಹಕರಿಸಿದವರನ್ನು ಕರೆದು ಶಾಲು ಹೊದಿಸುವುದು ನಮ್ಮ ವಿಭಾಗದ ಪದ್ಧತಿ. ಯಾರನ್ನು ಕರೆಯಬೇಕು ಅಂತ ಕೇಳಿದಾಗ ನಾನು, ಹೌದು ನಾನೇ, ರಾಜಶೇಖರ ಸಾರ್ ಹೆಸರು ಕೊಟ್ಟೆ. ಅನುಮತಿ ಕೊಟ್ಟವರು ಅವರಲ್ಲವೇ? ನಾಲ್ವರು ಹೆಂಗಸರ ಹೆಸರು ನನ್ನ ತಲೆಗೇ ಬರಲಿಲ್ಲ. ಪ್ರಬಂಧದಲ್ಲಿ ಅವರು ಕ-ಒಂದು, ಕ-ಎರಡು, ಕ-ಮೂರು, ಕ-ನಾಲ್ಕು ಆಗಿದ್ದರು. ಗೋಪ್ಯತೆ ಕಾಪಾಡಬೇಕು ಅಂತ ಪಾಠದಲ್ಲಿ ಹೇಳಿಕೊಟ್ಟಿದ್ದರಲ್ಲ, ಅಷ್ಟು ನಿಷ್ಠೆಯಿಂದ ಕಾಪಾಡಿದ್ದೆ.

ಸಾರ್ ಇಸ್ತ್ರಿ ಮಾಡಿದ ಬಿಳಿ ಅಂಗಿ ಹಾಕಿಕೊಂಡು ಬಂದು ಮುಂದಿನ ಸಾಲಿನಲ್ಲಿ ಕೂತರು. ನಾನು ಪರದೆಯ ಮೇಲೆ ಆ ನಿಂಬೆಹಣ್ಣಿನ ಫೋಟೋ ಹಾಕಿ ಇಪ್ಪತ್ತು ನಿಮಿಷ ಮಾತಾಡಿದೆ. ಚೆನ್ನಾಗಿಯೇ ಮಾತಾಡಿದೆ. ಒಂದೊಂದು ವಾಕ್ಯಕ್ಕೂ ಮೇಡಂ ತಲೆದೂಗುತ್ತಿದ್ದರು. ಸಾರ್ ಮೊದಮೊದಲು ನಗುತ್ತಿದ್ದರು, ಆಮೇಲೆ ನಗಲಿಲ್ಲ, ಕೊನೆಗೆ ಎಲ್ಲರ ಜೊತೆ ಚಪ್ಪಾಳೆ ತಟ್ಟಿದರು. ಶಾಲನ್ನು ಮಡಚಿ ಕಂಕುಳಲ್ಲಿಟ್ಟುಕೊಂಡು ಹೊರಡುವಾಗ, “ಒಳ್ಳೇದಾಯ್ತಮ್ಮ. ನಂಗೆ ಗೊತ್ತಿಲ್ಲದ್ದನ್ನ ತಿಳಿಸಿದೆ” ಅಂದರು. ನಾನು ಅದನ್ನೂ ಮೆಚ್ಚುಗೆ ಅಂದುಕೊಂಡೆ.

ಮಾರನೇ ದಿನ ಸಂಜೆ ಅಮ್ಮ ಚಪ್ಪಲಿ ಬಿಡುವ ಮೊದಲೇ ಕೇಳಿದಳು, “ಏನ್ ಹೇಳ್ದೆ ಕಣೇ ಅಲ್ಲಿ?” ಹೇಳಿದೆ. ಅವಳು ಬಾಗಿಲಲ್ಲೇ ಕೂತುಬಿಟ್ಟಳು. ಬೈಯಲಿಲ್ಲ. “ಸಾರ್ ಎಲ್ರನ್ನೂ ನಿಲ್ಸಿ ಕೇಳಿದ್ರು. ಇಷ್ಟು ವರ್ಷ ನನ್ನ ಭಕ್ತೀನ ಆಟದ ಸಾಮಾನು ಮಾಡ್ಕೊಂಡಿದ್ರಲ್ಲ ಅಂತ. ಕಣ್ಣಲ್ಲಿ ನೀರಿತ್ತು ಅವರಿಗೆ” ಅಂದಳು. ನಾನು ಹೆದರಿದೆ. ಅವರ ಕಣ್ಣೀರಿಗಲ್ಲ, ನಿಜ ಹೇಳುತ್ತೇನೆ. ಇನ್ನು ಮೇಲೆ ಮೂರನೇ ಪ್ರೆಸ್ಸಿಗೆ ನಿಂಬೆಹಣ್ಣಿಲ್ಲ ಅನ್ನುವುದು ಆಗ ತಲೆಗೆ ಹೊಳೆಯಿತು.

ಆಮೇಲಿನ ಹತ್ತು ದಿನ ಹೇಗೆ ಕಳೆದೆ ಅಂತ ನನಗೇ ಗೊತ್ತು. ಸಂಜೆ ಅಮ್ಮ ಬಂದ ಕೂಡಲೇ ನೋಡುತ್ತಿದ್ದದ್ದು ಅವಳ ಮುಖವನ್ನಲ್ಲ, ಕೈಯನ್ನು. ಲೋಟ ಕೊಡುವ ನೆಪದಲ್ಲಿ, ಸೀರೆ ಮಡಚುವ ನೆಪದಲ್ಲಿ ನೋಡುತ್ತಿದ್ದೆ. ಅವಳಿಗೆ ಗೊತ್ತಾಗುತ್ತಿತ್ತು. “ಇದಾವೆ ಕಣೇ, ಎಲ್ಲ ಇದಾವೆ” ಅನ್ನುತ್ತಿದ್ದಳು.

ಹನ್ನೊಂದನೇ ದಿನ ಲೈಬ್ರರಿಯಲ್ಲಿದ್ದಾಗ ಸೆಲ್ವಿ ಅಕ್ಕನ ಫೋನ್ ಬಂತು. ಮೂರನೇ ಪ್ರೆಸ್ಸು ಮತ್ತೆ ಎರಡೆರಡು ಸಲ ಹೊಡೆಯುತ್ತಿದೆ. ಸೆಲ್ವಿ ಅಕ್ಕ ನಿಂಬೆಹಣ್ಣಿಟ್ಟಳು. ಸಾರ್ ಬಂದವರೇ ಅದನ್ನೆತ್ತಿ ಅವಳ ಕೈಗೆ ಕೊಟ್ಟು, “ಶರಬತ್ ಮಾಡ್ಕೊಂಡು ಕುಡೀರಿ. ಈ ನಾಟಕ ಸಾಕು” ಅಂದರಂತೆ. ಯಾರು ಕೂರುತ್ತೀರಿ ಅಂದಾಗ ಒಬ್ಬರೂ ಮುಂದೆ ಬರಲಿಲ್ಲ. “ಹಾಗಾದ್ರೆ ಜಯಮ್ಮ ಕೂರ್ಲಿ. ಅವಳ ಮಗಳೇ ಹೇಳಿದ್ದಲ್ವಾ, ಇದೆಲ್ಲ ಸುಳ್ಳು ಅಂತ” ಅಂದರಂತೆ. “ನೀ ಬಾ ಕಣ್ಣು, ಬೇಗ ಬಾ” ಅಂದಳು ಸೆಲ್ವಿ ಅಕ್ಕ.

ಶಂಕರಘಟ್ಟದಿಂದ ಭದ್ರಾವತಿಗೆ ಒಂದು ಬಸ್ಸು, ಅಲ್ಲಿಂದ ಮಾಚೇನಹಳ್ಳಿಗೆ ಇನ್ನೊಂದು. ಅಷ್ಟು ನಿಧಾನದ ಬಸ್ಸನ್ನು ನಾನು ಜನ್ಮದಲ್ಲಿ ಹತ್ತಿಲ್ಲ. ದಾರಿಯುದ್ದಕ್ಕೂ ನನ್ನ ಬೆರಳುಗಳನ್ನು ನಾನೇ ಹಿಡಿದುಕೊಂಡು ಕೂತಿದ್ದೆ. ಮುಖವಾಡ ತೆಗೆಯುತ್ತೇನೆ ಅಂತ ಹೊರಟವಳು ತೆಗೆದದ್ದು ಅಮ್ಮನ ಕೈಗವಸು. ಸತ್ಯ ಹೊರಗೆ ಬಂದರೆ ಸೋತವರಿಗೆ ಯಾವತ್ತೂ ಒಳ್ಳೆಯದೇ ಆಗುತ್ತದೆ ಅಂತ ನಂಬಿದ್ದೆನಲ್ಲ, ಅದೂ ಒಂದು ಐಡಿಯಾಲಜಿಯೇ ಅಂತ ಆ ಬಸ್ಸಿನಲ್ಲಿ ಮೊದಲ ಸಲ ಅನ್ನಿಸಿತು. ಮನಸ್ಸಿನಲ್ಲಿ ದೇವರನ್ನು ಬೇಡಿಕೊಂಡೆ. ಬೇಡಿಕೊಳ್ಳುವುದು ಹೇಗೆ ಅಂತಲೂ ಮರೆತುಹೋಗಿತ್ತು.

ಶೆಡ್ಡಿನ ಬಿಸಿ ತಗಡಿನಡಿ ಎಲ್ಲ ಪ್ರೆಸ್ಸುಗಳೂ ನಿಂತಿದ್ದವು. ಅಮ್ಮ ಮೂರನೇ ಪ್ರೆಸ್ಸಿನ ಮುಂದಿನ ಸ್ಟೂಲಿನ ಮೇಲೆ ಎರಡೂ ಕೈಗಳನ್ನು ಮಡಿಲಲ್ಲಿಟ್ಟುಕೊಂಡು ಕೂತಿದ್ದಳು. ಸೆಲ್ವಿ ಅಕ್ಕ, ಗಂಗಮ್ಮ, ನಾಲ್ಕನೆಯವಳು ರತ್ನ, ಮೂವರೂ ಅವಳ ಹಿಂದೆ ನಿಂತಿದ್ದರು. ಸಾರ್ ಎದುರಿಗೆ. ಅವರ ಮುಖ ಕೆಂಪಗಾಗಿತ್ತು. ಅಮ್ಮನ ಬೆರಳು ಎಣಿಸಿ ಉಸಿರು ಬಿಟ್ಟೆ. ನಾನು “ಸಾರ್, ಇದು ಕಾನೂನಿನ ಪ್ರಕಾರ...” ಅಂತ ಬಾಯಿ ತೆಗೆದದ್ದೇ, ಅಮ್ಮ ತಿರುಗಿ ನೋಡಿದಳು.

“ನೀನು ಸುಮ್ನಿರು. ನೀನು ಮಾತಾಡಿದ್ದು ಸಾಕು.”

ಮೂರನೇ ಮನುಷ್ಯರ ಎದುರು ಅಮ್ಮ ನನಗೆ ಹಾಗೆ ಅಂದದ್ದು ಅದೊಂದೇ ಸಲ. ಆಮೇಲೆ ಅವಳು ಸ್ಟೂಲಿನಿಂದ ಎದ್ದಳು.

“ಸಾರ್, ನಿಂಬೆಹಣ್ಣು ನಾಟಕ ಅಂದ್ರಿ. ಇರ್ಲಿ. ನಿಮಗೆ ನೋವಾಯ್ತು, ಅದು ನಮ್ಮ ತಪ್ಪು. ಈಗ ನಾಟಕ ಇಲ್ದೆ ಹೇಳ್ತೀನಿ. ನಂಗೆ ಭಯ ಆಗ್ತೈತೆ. ಮುಟ್ಟಲ್ಲ. ನೀವೂ ಈ ಕೆಲಸ ಮಾಡಿದೋರೇ ಅಲ್ವಾ? ಒಂದೇ ಒಂದು ತುಂಡು ನೀವು ಹೊಡ್ದು ತೋರ್ಸಿ. ನಿಮ್ಮ ಕೈ ಹಾಕಿ ಎತ್ಕೊಳ್ಳಿ. ಆಮೇಲೆ ಸಂಜೆ ತನಕ ನಾ ಕೂರ್ತೀನಿ.”

ಸಾರ್ ಅಂಗಿಯ ತೋಳು ಮಡಚಿಕೊಂಡು ಬಂದು ಸ್ಟೂಲಿನ ಮೇಲೆ ಕೂತರು. ತಗಡಿನ ತುಂಡು ಇಟ್ಟರು. ಕೈ ಹಿಂದೆ ತೆಗೆದು ಪೆಡಲ್ ಒತ್ತಿದರು. ಧಡ್. ಭಾರ ಮೇಲೇರಿ ನಿಂತಿತು. ತಯಾರಾದ ತುಂಡು ಒಳಗೆ ಹೊಳೆಯುತ್ತಿತ್ತು. ಕೈ ಹಾಕಿ ಎತ್ತಿಕೊಂಡರೆ ಮುಗಿಯಿತು. ಅವರ ಬಲಗೈ ಮುಂದೆ ಹೋಯಿತು, ಅರ್ಧದಲ್ಲಿ ನಿಂತಿತು. ಎಷ್ಟೋ ವರ್ಷ ಪ್ರೆಸ್ಸಿನ ಮುಂದೆ ಕೂತ ಕೈ ಅದು, ಅದಕ್ಕೆ ಗೊತ್ತಿತ್ತು. “ನೋಡಿ, ಏನೂ ಆಗಿಲ್ಲ...” ಅಂತ ಅವರು ನಮ್ಮ ಕಡೆ ತಿರುಗಿದರು. ಪೆಡಲಿನ ಮೇಲೆ ಕಾಲೂ ಇರಲಿಲ್ಲ. ಧಡ್ ಅಂತ ಅದು ಇನ್ನೊಮ್ಮೆ ಇಳಿಯಿತು.

ಸಾರ್ ತಮ್ಮ ಕೈಯನ್ನು ಎದೆಗೆ ಒತ್ತಿಕೊಂಡರು. ಆಮೇಲೆ ಎದ್ದು ಹೋಗಿ ಮೇನ್ ಸ್ವಿಚ್ ಆರಿಸಿದರು. “ಫಿಟ್ಟರ್‌ಗೆ ಫೋನ್ ಮಾಡ್ರಮ್ಮ” ಅಂದರು. ಸೆಲ್ವಿ ಅಕ್ಕ ಒಂದು ಲೋಟ ನೀರು ತಂದುಕೊಟ್ಟಳು. ಅದನ್ನು ಕುಡಿದು, “ನನ್ನ ಅಮ್ಮನ್ನ ಕೂರ್ಸಿದ್ರೆ ನಾನು ಸುಮ್ನಿರ್ತಿದ್ನಾ?” ಅಂತ ಯಾರನ್ನೋ ಕೇಳಿದರು. ನನಗೆ ಅವರ ಮೇಲಿದ್ದ ಸಿಟ್ಟು ಆಗಲೇ ಅರ್ಧ ಇಳಿದಿತ್ತು. ಪ್ರೆಸ್ಸು ಬಿಚ್ಚಿ ಸರಿಮಾಡಿ, ಕೈ ಒಳಗಿದ್ದರೆ ಕೆಳಗಿಳಿಯದ ಹಾಗೆ ಗಾರ್ಡ್ ಹಾಕಿಸುವ ತನಕ ಮೂರನೆಯದರ ಮುಂದೆ ಯಾರೂ ಕೂರಲಿಲ್ಲ.

ಮನೆಗೆ ಬರುವ ಬಸ್ಸಿನಲ್ಲಿ ಅಮ್ಮ ಕಿಟಕಿಯಾಚೆ ನೋಡುತ್ತ ಕೂತಿದ್ದಳು. ನಾನು ಅತ್ತೆ. ಜನ ನೋಡುತ್ತಾರೆ ಅಂತಲೂ ಅನ್ನಿಸಲಿಲ್ಲ. ಅಮ್ಮ ಸೆರಗಿನ ತುದಿ ನನ್ನ ಕೈಗೆ ಕೊಟ್ಟು, “ಒರೆಸ್ಕೋ. ಓದಿದೋಳು ಅಂತ ನಿನ್ನ ಹತ್ರ ಎಲ್ಲ ಹೇಳಿದ್ದು ನಾನೇ ಅಲ್ವಾ” ಅಂದಳು. ಬೈದಿದ್ದರೆ ವಾಸಿಯಿತ್ತು.

ಲಲಿತಾ ಮೇಡಂಗೆ ಎಲ್ಲ ಹೇಳಿದೆ. ಅವರು ಕನ್ನಡಕ ತೆಗೆದಿಟ್ಟು, “ನನ್ನ ತಪ್ಪೂ ಇದೆ ಕಣಮ್ಮ. ಅವರು ಮುಂದಿನ ಸಾಲಲ್ಲಿ ಕೂತಿದ್ದನ್ನ ನಾನೂ ನೋಡ್ದೆ. ವಾದ ಎಷ್ಟು ಚೆನ್ನಾಗಿದೆ ಅನ್ನೋದರಲ್ಲೇ ಮುಳುಗಿದ್ದೆ” ಅಂದರು. ಅಧ್ಯಾಯ ಏನು ಮಾಡಲಿ ಅಂದೆ. “ಯಾರದ್ದೋ ಅವರನ್ನ ಕೇಳು” ಅಂದರು.

ಸಲ್ಲಿಸಲು ಒಂದು ವಾರವಿತ್ತು. ಮಧ್ಯಾಹ್ನ ಊಟದ ಹೊತ್ತಿಗೆ ಶೆಡ್ಡಿನ ಹಿಂದಿನ ಬೇವಿನ ಮರದಡಿ ನಾಲ್ವರ ಎದುರು ಕೂತು ಪೂರ್ತಿ ಓದಿದೆ. ಇದನ್ನೆಲ್ಲ ತೆಗೆದುಹಾಕುತ್ತೇನೆ, ನಿಂಬೆಹಣ್ಣಿನ ಸುದ್ದಿಯೇ ಬೇಡ ಅಂದೆ. ಗಂಗಮ್ಮ, ರತ್ನ ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಸೆಲ್ವಿ ಅಕ್ಕ ಕೇಳಿದಳು, “ಇದರಲ್ಲಿ ನಾನ್ಯಾರು ಕಣ್ಣು?”

“ಕ-ಎರಡು.”

“ಅದ್ಯಾಕೆ? ನಂಗೆ ಹೆಸರಿಲ್ವಾ?”

“ನಿಮಗೆ ತೊಂದ್ರೆ ಆಗ್ಬಾರ್ದು ಅಂತ ಅಕ್ಕ.”

“ಆಗೋ ತೊಂದ್ರೆ ಆಗಿ ಹೋಯ್ತಲ್ಲ!” ಎಲ್ಲರೂ ನಕ್ಕರು. ನಾನೂ ನಕ್ಕೆ, ಬಹಳ ದಿನಗಳ ಮೇಲೆ. ಅವಳು ಮೋಟು ಬೆರಳನ್ನು ಹಾಳೆಯ ಮೇಲಿಟ್ಟಳು. “ನಿಂಬೆಹಣ್ಣಿನ ಕತೆ ಇರ್ಲಿ, ಬೇರೆ ಶೆಡ್‌ನೋರ ಹೆಸ್ರು ಮಾತ್ರ ಎತ್ಬೇಡ, ಅವರಿಗೆ ಇನ್ನೂ ಬೇಕಾಗ್ತೈತೆ. ನಮಗಿನ್ನು ಬೇಡ. ಕೊನೇಲಿ ಬರಿ, ಮೆಷಿನ್ ಸರಿಯಿಲ್ಲ ಅಂದ್ರೆ ನಾವು ಮುಟ್ಟಲ್ಲ ಅಂತ. ಕೆಳಗೆ ಹೆಸರು ಹಾಕು.”

“ನಂದೂ ಹಾಕು” ಅಂದಳು ಅಮ್ಮ.

ನಾಲ್ವರೂ ಸಹಿ ಮಾಡಿದರು. ಸೆಲ್ವಿ ಅಕ್ಕ ತಮಿಳಿನಲ್ಲಿ ಮಾಡಿದಳು. ವೈವಾಕ್ಕೆ ಬಂದ ಪರೀಕ್ಷಕರು ಆ ಹಾಳೆ ನೋಡಿ, ಸಂಶೋಧನೆಯಲ್ಲಿ ಹೀಗೆಲ್ಲ ಮಾಡುವ ಹಾಗಿಲ್ಲ ಅಂತ ಅಂಕ ಕಡಿಮೆ ಮಾಡಿದರು. ಮಾಡಲಿ. ಆ ಪ್ರಬಂಧದಲ್ಲಿ ನನ್ನ ಮಾತಲ್ಲದ ಹಾಳೆ ಅದೊಂದೇ, ನನಗೆ ಈಗಲೂ ಬೇಕಾದದ್ದೂ ಅದೊಂದೇ.

ನನಗೆ ಕೆಲಸ ಸಿಕ್ಕ ಮೇಲೆ ಅಮ್ಮ ಶೆಡ್ ಬಿಟ್ಟಳು. ರವೀಂದ್ರನಗರಕ್ಕೆ ಬಂದೆವು. ಸೆಲ್ವಿ ಅಕ್ಕ ಹಬ್ಬಕ್ಕೆ ಬಂದರೆ ಇಬ್ಬರೂ ಸೇರಿ ನನ್ನನ್ನು ‘ಪ್ರಶ್ನಾವಳಿ’ ಅಂತಲೇ ಕರೆಯುವುದು. ಕಳೆದ ತಿಂಗಳು ಸ್ಕೂಟರ್ ಪೂಜೆ ಮುಗಿದ ಮೇಲೆ ಅಮ್ಮ ನನ್ನ ಕೈಯಿಂದ ಕೀ ಇಸಿದುಕೊಂಡು, “ಬ್ರೇಕ್ ಸರಿಯಾಗಿ ನೋಡ್ಸಿದ್ದೀಯ ತಾನೇ?” ಅಂದಳು. ನೋಡಿಸಿದ್ದೇನೆ ಅಂದೆ. ಸಂಜೆ ಅವಳು ವರಾಂಡದಲ್ಲಿ ಕೂತು ಮಲ್ಲಿಗೆ ಕಟ್ಟುತ್ತಿದ್ದಳು. ನಾನು ಮಾರನೇ ದಿನದ ಪಾಠಕ್ಕೆ ಪುಸ್ತಕ ಬಿಡಿಸಿಕೊಂಡು ಎದುರಿಗೆ ಕೂತೆ. ಒಂದು ಸಾಲೂ ಓದಲಿಲ್ಲ. ದಾರದೊಳಗೆ ಹೋಗಿ ಬರುತ್ತಿದ್ದ ಅವಳ ಬೆರಳುಗಳನ್ನೇ ನೋಡುತ್ತಿದ್ದೆ.

“ಇನ್ನೂ ಎಣಿಸ್ತೀಯಲ್ಲೇ” ಅಂದಳು ಅಮ್ಮ, ತಲೆಯೆತ್ತದೆ.

“ಹೂಂ” ಅಂದೆ. “ಹತ್ತು.”